ಮೊಬೈಲ್ ದತ್ತಾಂಶ ಸಂಗ್ರಹ (ಗೋದಾಮು, ಕಾರ್ಖಾನೆ)

ಸರಕಿನ ಆವಕ, ಜಾವಕ, ತೂಕ, ದಾಸ್ತಾನುಗಳನ್ನು ಕೆಲಸ ನಡೆಯುವ ಜಾಗದಲ್ಲೇ ಮೊಬೈಲ್ ಅಥವಾ ಸ್ಕ್ಯಾನರಿನಲ್ಲಿ ದಾಖಲಿಸುವ ವ್ಯವಸ್ಥೆ. ಚೀಟಿಯಲ್ಲಿ ಗೀಚಿ, ಸಂಜೆ ವಹಿಗೆ ಏರಿಸುವ ಎರಡು ಕೆಲಸ ಇಲ್ಲಿ ಒಂದಾಗುತ್ತದೆ.

ಹಿನ್ನೆಲೆ: ಬಾರ್‌ಕೋಡ್‌ಗೆ ಅಮೆರಿಕದಲ್ಲಿ 1952ರಲ್ಲಿ ಪೇಟೆಂಟ್ ದೊರೆಯಿತು. ವಾಹನದ ಬಿಡಿಭಾಗಗಳ ಲೆಕ್ಕಕ್ಕಾಗಿ ಜಪಾನಿನ ಡೆನ್ಸೊ ಕಂಪನಿಯಲ್ಲಿ 1994ರಲ್ಲಿ ಕ್ಯೂಆರ್ ಕೋಡ್ ರೂಪುಗೊಂಡಿತು. ಕರ್ನಾಟಕದ ಹಳ್ಳಿಗಳಲ್ಲಿ ಹೊಲದಲ್ಲೇ ನಿಂತು ಫೋಟೊ ತೆಗೆಯುವ ಬೆಳೆ ಸಮೀಕ್ಷೆ ಆ್ಯಪ್ ಕೂಡ ಈ ಬಗೆಯ ದಾಖಲಾತಿಯೇ.

ಕಲಬುರಗಿ ಸೀಮೆ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ನಾಡು, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆಳಂದದ ಭೂಸನೂರು, ಅಫಜಲಪುರದ ಹಾವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಡಿದ ಕಬ್ಬು ಕಾದಷ್ಟೂ ತೂಕ, ಸಕ್ಕರೆ ಇಳುವರಿ ಇಳಿಯುವುದರಿಂದ ಗಾಡಿಯ ಸರದಿ ಮತ್ತು ತೂಕ ತಕ್ಷಣ ದಾಖಲಾಗಬೇಕು. ತೊಗರಿಯಲ್ಲಿ ಚೀಲದ ಎಣಿಕೆಯೊಂದಿಗೆ ತೇವಾಂಶವೂ ಮುಖ್ಯ.

ವಿನ್ಯಾಸ: ಹಮಾಲರ ಬೆನ್ನ ಮೇಲೆ ಚೀಲ, ಕೈಗೆ ದೂಳು, ಬೆರಳಿಗೆ ಬೆವರು. ಆದ್ದರಿಂದ ಗುಂಡಿ ದೊಡ್ಡದಿರಬೇಕು, ಒಂದು ಪರದೆಗೆ ಒಂದೇ ಪ್ರಶ್ನೆ ಸಾಕು. ಬರಹ ಕನ್ನಡದಲ್ಲಿರಲಿ, ಓದು ಬಾರದವರಿಗೆ ಚಿತ್ರ ಮತ್ತು ದನಿ ಇರಲಿ. ಯಂತ್ರದ ಸದ್ದಿನಲ್ಲಿ ಬೀಪ್ ಕೇಳಿಸದು, ಕಂಪನ ಬೇಕು. ನೆಟ್‌ವರ್ಕ್ ಇಲ್ಲದಾಗಲೂ ದಾಖಲೆ ಉಳಿಯಬೇಕು, ತಪ್ಪು ತಿದ್ದಲು ಅವಕಾಶವಿರಬೇಕು.

ಎಚ್ಚರಿಕೆ: ಎತ್ತಿದ ಚೀಲಗಳ ಲೆಕ್ಕ ಕೂಲಿಕಾರರಿಗೂ ಕಾಣಬೇಕು. ಮಾಲೀಕರಿಗೆ ಮಾತ್ರ ಕಾಣುವ ಲೆಕ್ಕ ಕಾವಲಾಗುತ್ತದೆ, ನೆರವಾಗುವುದಿಲ್ಲ.