ಚಂಡಮಾರುತ ಮತ್ತು ಟಿ.ವಿ. ಪರದೆ: ಅಮೆರಿಕದ ಕರಾವಳಿ ನಿವಾಸಿಗಳ ಆಕ್ಷೇಪದ ಸ್ವರೂಪ

ಅಮೆರಿಕದ ಅಟ್ಲಾಂಟಿಕ್ ಮತ್ತು ಮೆಕ್ಸಿಕೊ ಕೊಲ್ಲಿಯ ತೀರಗಳಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್‌ಗಳ, ಅಂದರೆ ಚಂಡಮಾರುತಗಳ, ಕಾಲ. ಈ ಆರು ತಿಂಗಳಲ್ಲಿ ಟೆಕ್ಸಾಸ್‌ನಿಂದ ಉತ್ತರ ಕ್ಯಾರೊಲಿನಾವರೆಗಿನ ಊರುಗಳಲ್ಲಿ ಟಿ.ವಿ. ವಾಹಿನಿಗಳ ಮೇಲೆ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ: ಎಲ್ಲವನ್ನೂ ಅತಿ ಮಾಡುತ್ತಾರೆ. ಮೇಲ್ನೋಟಕ್ಕೆ ಇದು ಸುದ್ದಿಮಾಧ್ಯಮಗಳ ಮೇಲಿನ ಎಂದಿನ ಗೊಣಗಾಟದಂತೆ ಕಂಡರೂ ದೂರಿನ ಎಳೆಗಳನ್ನು ಬಿಡಿಸಿದಾಗ ಬೇರೆಯೇ ಸಂಗತಿ ಕಾಣುತ್ತದೆ. ಹೆದರಿಸುವುದಕ್ಕೆ ನಿವಾಸಿಗಳ ತಕರಾರು ಅಷ್ಟಾಗಿಲ್ಲ. ಹೆದರಬೇಕಾದ ನೀರನ್ನು ಬಿಟ್ಟು ಗಾಳಿಗೆ ಹೆದರಿಸುತ್ತಾರೆ, ತಮ್ಮ ಬೀದಿಯ ವಿಷಯ ಹೇಳದೆ ಇಡೀ ರಾಜ್ಯದ ವಿಷಯ ಹೇಳುತ್ತಾರೆ, ಅದನ್ನೂ ಸಾವಿರ ಮೈಲಿ ದೂರದಲ್ಲಿ ಸೋಫಾ ಮೇಲೆ ಕುಳಿತವರಿಗಾಗಿ ಹೇಳುತ್ತಾರೆ ಎಂಬುದು ಅವರ ಮುಖ್ಯ ಆಕ್ಷೇಪ.

ಟಿ.ವಿ. ಮತ್ತು ಹರಿಕೇನ್‌ನ ನಂಟು ಶುರುವಾದದ್ದು ಒಳ್ಳೆಯ ರೀತಿಯಲ್ಲೇ. 1900ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ದ್ವೀಪನಗರದಲ್ಲಿ ಸುಮಾರು 8,000 ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತದ ನೆನಪು ಆ ತೀರದಲ್ಲಿ ಮಾಸಿರಲಿಲ್ಲ. 1961ರ ಸೆಪ್ಟೆಂಬರ್‌ನಲ್ಲಿ 'ಕಾರ್ಲಾ' ಬರುತ್ತಿದ್ದಾಗ ಹ್ಯೂಸ್ಟನ್‌ನ ಕೆಎಚ್‌ಒಯು ಟಿ.ವಿ. ಕೇಂದ್ರದ ವರದಿಗಾರ ಡ್ಯಾನ್ ರಾದರ್ ಅದೇ ಗ್ಯಾಲ್ವೆಸ್ಟನ್‌ನ ಹವಾಮಾನ ಕಚೇರಿಯಲ್ಲಿ ಕ್ಯಾಮೆರಾ ಇರಿಸಿದರು. ಟೆಕ್ಸಾಸ್ ಕರಾವಳಿಯ ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಬರೆಸಿ ರೇಡಾರ್ ಪರದೆಯ ಮೇಲೆ ಹಿಡಿದರು. ಅಲ್ಲಿಯವರೆಗೆ ತಜ್ಞರಿಗಷ್ಟೇ ಅರ್ಥವಾಗುತ್ತಿದ್ದ ಬಿಳಿ ಮಚ್ಚೆ, ನಕ್ಷೆಯ ಪಕ್ಕಕ್ಕೆ ಬಂದೊಡನೆ ಎಷ್ಟು ದೊಡ್ಡದೆಂದು ಯಾರಿಗಾದರೂ ತಿಳಿಯುವಂತಾಯಿತು. ಸುಮಾರು ಮೂರೂವರೆ ಲಕ್ಷ ಜನ ತೀರ ಬಿಟ್ಟು ಒಳನಾಡಿಗೆ ಸರಿದರು. ಅಷ್ಟು ಬಲಶಾಲಿಯಾದ ಚಂಡಮಾರುತದಲ್ಲಿ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಈ ಪ್ರಸಾರವೂ ಹೆದರಿಸಿತ್ತು. ಆದರೆ ಅದನ್ನು ಅತಿರೇಕ ಎಂದವರಿಲ್ಲ.

1982ರ ಮೇ ತಿಂಗಳಲ್ಲಿ ದಿನದ 24 ಗಂಟೆಯೂ ಹವಾಮಾನವನ್ನೇ ಬಿತ್ತರಿಸುವ 'ವೆದರ್ ಚಾನೆಲ್' ಆರಂಭವಾದ ಮೇಲೆ ಪರಿಸ್ಥಿತಿ ಬದಲಾಯಿತು. ಚಂಡಮಾರುತ ರಾಷ್ಟ್ರವ್ಯಾಪಿ ಪ್ರದರ್ಶನವಾಯಿತು. ವೀಕ್ಷಕರಲ್ಲಿ ಬಹುಪಾಲು ಜನಕ್ಕೆ ಅದರಿಂದ ಯಾವ ಅಪಾಯವೂ ಇರಲಿಲ್ಲ. ರೇನ್‌ಕೋಟ್ ತೊಟ್ಟು ಕಡಲಂಚಿನಲ್ಲಿ ಓಲಾಡುತ್ತ ಮೈಕ್ ಹಿಡಿದ ವರದಿಗಾರ ಈ ಪ್ರದರ್ಶನದ ಕಾಯಂ ಪಾತ್ರಧಾರಿ. ಆ ವಾಹಿನಿಯ ಹೆಸರಾಂತ ವರದಿಗಾರ ಜಿಮ್ ಕ್ಯಾಂಟೋರಿ ಯಾವ ಊರಿಗೆ ಬಂದಿಳಿದರೆ ಆ ಊರಿಗೆ ಗ್ರಹಚಾರ ಕಾದಿದೆ ಎಂಬ ತಮಾಷೆ ಕರಾವಳಿಯುದ್ದಕ್ಕೂ ಪ್ರಚಲಿತ. ವಾಹಿನಿಯೇ ಅದನ್ನು ತನ್ನ ಜಾಹೀರಾತಿಗೆ ಬಳಸಿಕೊಂಡಿತು. ನಗುವಿನೊಳಗೊಂದು ಲೆಕ್ಕಾಚಾರವೂ ಇದೆ: ಪರದೆಯ ಮೇಲಿನ ಮಾತಿಗಿಂತ, ವಾಹಿನಿ ತನ್ನ ಮುಖ್ಯ ವರದಿಗಾರನನ್ನು ಎಲ್ಲಿಗೆ ಕಳಿಸಿದೆ ಎಂಬುದನ್ನೇ ಜನ ಮುನ್ಸೂಚನೆಯಾಗಿ ಓದುತ್ತಾರೆ.

2018ರ ಸೆಪ್ಟೆಂಬರ್‌ನಲ್ಲಿ 'ಫ್ಲಾರೆನ್ಸ್' ಉತ್ತರ ಕ್ಯಾರೊಲಿನಾಕ್ಕೆ ಅಪ್ಪಳಿಸಿದಾಗ ವಿಲ್ಮಿಂಗ್ಟನ್‌ನಿಂದ ವೆದರ್ ಚಾನೆಲ್‌ನಲ್ಲಿ ಪ್ರಸಾರವಾದ ತುಣುಕೊಂದು ಈ ಅವಿಶ್ವಾಸಕ್ಕೆ ಒಳ್ಳೆಯ ನಿದರ್ಶನ. ವರದಿಗಾರ ಕಾಲು ಅಗಲಿಸಿ, ಮೈ ಬಾಗಿಸಿ, ಗಾಳಿಗೆ ಎದುರಾಗಿ ನಿಲ್ಲಲು ಹೆಣಗುತ್ತಿದ್ದಾನೆ. ಅವನ ಬೆನ್ನ ಹಿಂದೆ ಇಬ್ಬರು ಆರಾಮವಾಗಿ ನಡೆದುಹೋಗುತ್ತಾರೆ. ನಡೆದವರು ಕಾಂಕ್ರೀಟ್ ಮೇಲಿದ್ದರು, ವರದಿಗಾರ ಒದ್ದೆ ಹುಲ್ಲಿನ ಮೇಲಿದ್ದ, ಹಗಲುರಾತ್ರಿ ದುಡಿದು ದಣಿದಿದ್ದ ಎಂದು ವಾಹಿನಿ ಸಮಜಾಯಿಷಿ ಕೊಟ್ಟಿತು. ಸಮಜಾಯಿಷಿ ನಿಜವೇ ಇರಬಹುದು. ಆದರೆ ಆ ಹೊತ್ತಿಗೆ ಲಕ್ಷಾಂತರ ಜನ ನೋಡಿ ನಕ್ಕಾಗಿತ್ತು.

ನಕ್ಕವರು ಗಮನಿಸದೆ ಹೋದದ್ದು ಬೇರೆಯೇ ಇತ್ತು. ಕೆಲವೇ ದಿನಗಳ ಹಿಂದೆ 4ನೇ ವರ್ಗದಲ್ಲಿದ್ದ ಫ್ಲಾರೆನ್ಸ್ ತೀರ ಮುಟ್ಟುವಾಗ 1ನೇ ವರ್ಗಕ್ಕೆ ಇಳಿದಿತ್ತು, ಗಾಳಿಯ ವೇಗ ಗಂಟೆಗೆ ಸುಮಾರು 145 ಕಿ.ಮೀ. ಮಳೆಗೆ ಮಾತ್ರ ಇಳಿಕೆ ಇರಲಿಲ್ಲ: ಎಲಿಜಬೆತ್‌ಟೌನ್‌ನಲ್ಲಿ 90 ಸೆಂ.ಮೀ.ಗೂ ಹೆಚ್ಚು ಮಳೆ ಸುರಿದು ನದಿಗಳು ದಿನಗಟ್ಟಲೆ ಊರುಗಳನ್ನು ಮುಳುಗಿಸಿದವು. ಪರದೆಯ ಮೂಲೆಯಲ್ಲಿ ಸದಾ ಮಿನುಗುವ 1ರಿಂದ 5ರ ಸ್ಯಾಫಿರ್–ಸಿಂಪ್ಸನ್ ವರ್ಗ ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ. ರಾಷ್ಟ್ರೀಯ ಹರಿಕೇನ್ ಕೇಂದ್ರದ ಎಡ್ವರ್ಡ್ ರಾಪಪೋರ್ಟ್ 1963ರಿಂದ 2012ರವರೆಗಿನ ಸಾವುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೇರ ಸಾವುಗಳಲ್ಲಿ ಶೇ. 90ರಷ್ಟಕ್ಕೆ ಕಾರಣ ನೀರು. ಅದರಲ್ಲೂ ಒಟ್ಟು ಸಾವುಗಳ ಅರ್ಧದಷ್ಟು, ಗಾಳಿ ಕಡಲನ್ನು ದಂಡೆಯ ಮೇಲಕ್ಕೆ ತಳ್ಳುವ ಉಬ್ಬರದಿಂದ. ಬಾಗಿದ ತಾಳೆಮರ ಟಿ.ವಿ.ಗೆ ಒಗ್ಗುತ್ತದೆ, ಕತ್ತಲಲ್ಲಿ ಸದ್ದಿಲ್ಲದೆ ಏರುವ ನೀರು ಒಗ್ಗುವುದಿಲ್ಲ. ಇದಕ್ಕೆ ಅಪವಾದವೂ ಅದೇ ವಾಹಿನಿಯಿಂದ ಅದೇ ಚಂಡಮಾರುತದಲ್ಲಿ ಬಂತು. ಸ್ಟುಡಿಯೋದಲ್ಲಿ ನಿಂತ ನಿರೂಪಕಿಯ ಸುತ್ತ 3, 6, 9 ಅಡಿಗಳವರೆಗೆ ನೀರು ಏರುವುದನ್ನು ಗ್ರಾಫಿಕ್ಸ್‌ನಲ್ಲಿ ತೋರಿಸಿದ ಆ ಪ್ರಸ್ತುತಿ ಮೆಚ್ಚುಗೆ ಗಳಿಸಿತು. ರೋಚಕತೆಯೇ ದೋಷವಾಗಿದ್ದರೆ ಅದನ್ನೂ ಜನ ತಳ್ಳಿಹಾಕಬೇಕಿತ್ತು.

ಸ್ಥಳೀಯ ಹವಾಮಾನ ನಿರೂಪಕರ ಬಗ್ಗೆ ನಿವಾಸಿಗಳ ಧೋರಣೆ ಪೂರಾ ಬೇರೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕೊಲ್ಲಿಯ ಕಡೆ ಚಂಡಮಾರುತ ಹೊರಟಿತೆಂದರೆ 'ನ್ಯಾಶ್ ಏನಂತಾರೆ?' ಎಂಬುದೇ ಮನೆಮನೆಯ ಪ್ರಶ್ನೆಯಾಗಿತ್ತು. ನ್ಯಾಶ್ ರಾಬರ್ಟ್ಸ್ ಕಂಪ್ಯೂಟರ್ ಗ್ರಾಫಿಕ್ಸ್ ಕಾಲದಲ್ಲೂ ನಕ್ಷೆಯ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ವಿವರಿಸುತ್ತಿದ್ದವರು. 1998ರಲ್ಲಿ 'ಜಾರ್ಜಸ್' ನಗರದ ಮೇಲೇ ಬರುತ್ತದೆಂದು ಎಲ್ಲರೂ ಕಂಗಾಲಾಗಿದ್ದಾಗ, ನಿವೃತ್ತಿಯಿಂದ ಮರಳಿ ಕುಳಿತ ಈ ಹಿರಿಯರು ಅದು ಪೂರ್ವಕ್ಕೆ, ಮಿಸಿಸಿಪ್ಪಿ ತೀರಕ್ಕೆ ಸರಿಯುತ್ತದೆ ಎಂದರು, ಹಾಗೆಯೇ ಆಯಿತು. 1992ರ ಆಗಸ್ಟ್ 24ರ ನಸುಕಿನಲ್ಲಿ 'ಆಂಡ್ರೂ' ದಕ್ಷಿಣ ಮಯಾಮಿಯನ್ನು ಪುಡಿಗಟ್ಟುತ್ತಿದ್ದಾಗ ಡಬ್ಲ್ಯೂಟಿವಿಜೆ ಕೇಂದ್ರದ ಬ್ರಯಾನ್ ನಾರ್‌ಕ್ರಾಸ್ 23 ಗಂಟೆ ಒಂದೇ ಸಮನೆ ಮಾತಾಡಿದರು. ಮನೆಯ ಒಳಭಾಗಕ್ಕೆ ಸರಿಯಿರಿ, ಹಾಸಿಗೆಯನ್ನು ಮೇಲೆ ಎಳೆದುಕೊಳ್ಳಿ ಎಂಬಂಥ ಅವರ ಸೂಚನೆಗಳಿಂದ ಜೀವ ಉಳಿಯಿತೆಂದು ಹೇಳುವವರು ಇಂದಿಗೂ ಇದ್ದಾರೆ. ಫ್ಲಾರಿಡಾದ ಟ್ಯಾಂಪಾದ ಡೆನಿಸ್ ಫಿಲಿಪ್ಸ್ ಅವರ 'ನಿಯಮ 7' ಊರಿಗೆಲ್ಲ ಬಾಯಿಪಾಠ: ಗಾಬರಿಯಾಗಬೇಡಿ, ಗಾಬರಿಯಾಗುವ ಹೊತ್ತು ಬಂದರೆ ನಾನೇ ಹೇಳುತ್ತೇನೆ. ಈ ಮೂವರನ್ನು ಒಂದುಗೂಡಿಸುವುದು ಶಾಂತ ಸ್ವಭಾವ ಎಂದರೆ ಸಾಲದು. ತಪ್ಪು ಹೇಳಿದರೆ ಮರುದಿನ ಅದೇ ಊರಿನ ಅಂಗಡಿಯಲ್ಲಿ ಜನರಿಗೆ ಮುಖ ತೋರಿಸಬೇಕಾದವರು ಅವರು.

ರಾಷ್ಟ್ರೀಯ ಪ್ರಸಾರದ ಸರಳೀಕರಣ ಪ್ರಾಣಕ್ಕೇ ಎರವಾಗುವುದು ನಕ್ಷೆಗಳಲ್ಲಿ. ಹರಿಕೇನ್ ಕೇಂದ್ರ 2002ರಿಂದ ಪ್ರಕಟಿಸುತ್ತಿರುವ 'ಅನಿಶ್ಚಿತತೆಯ ಶಂಕು' ಚಂಡಮಾರುತದ ಕೇಂದ್ರಬಿಂದು ಸಾಗಬಹುದಾದ ಪ್ರದೇಶವನ್ನು ಮಾತ್ರ ತೋರಿಸುತ್ತದೆ. ಹಿಂದಿನ ಐದು ವರ್ಷಗಳ ಮುನ್ಸೂಚನೆಯ ತಪ್ಪುಗಳನ್ನು ಆಧರಿಸಿದ್ದರಿಂದ ಮೂರರಲ್ಲೊಂದು ಸಲ ಕೇಂದ್ರ ಶಂಕುವಿನ ಆಚೆಗೂ ಹೋಗಬಹುದು. 2004ರ ಆಗಸ್ಟ್ 13ರಂದು ಶಂಕುವಿನ ನಡುಗೆರೆ ಟ್ಯಾಂಪಾ ಕಡೆ ತೋರಿಸಿದ್ದ 'ಚಾರ್ಲಿ' ಬಲಕ್ಕೆ ತಿರುಗಿ ಪುಂಟಾ ಗೋರ್ಡಾಕ್ಕೆ ಬಡಿಯಿತು. ಆ ಊರು ಶಂಕುವಿನೊಳಗೇ ಇತ್ತು, ಎಚ್ಚರಿಕೆಯೂ ಜಾರಿಯಲ್ಲಿತ್ತು. ಆದರೂ ಅನೇಕರಿಗೆ ಅದು ಅನಿರೀಕ್ಷಿತ. ಕೆನೆತ್ ಬ್ರಾಡ್ ಮತ್ತು ಸಂಗಡಿಗರು 2007ರಲ್ಲಿ ಈ ತಪ್ಪು ಓದನ್ನು ವಿಶ್ಲೇಷಿಸಿ, ಜನ ನಡುಗೆರೆಗೆ ಅತಿ ಮಹತ್ವ ಕೊಟ್ಟದ್ದನ್ನು ಎತ್ತಿ ತೋರಿಸಿದರು. 2022ರ ಸೆಪ್ಟೆಂಬರ್ 28ರಂದು 'ಇಯಾನ್' ಅದೇ ಪಾಠವನ್ನು ಇನ್ನೂ ಕ್ರೂರವಾಗಿ ಕಲಿಸಿತು. ದಿನಗಟ್ಟಲೆ ಟ್ಯಾಂಪಾ ಮೇಲೆ ನೆಟ್ಟಿದ್ದ ಗಮನದ ನಡುವೆ, ಅದು ಕೊನೆಗೆ ಬಡಿದ ಲೀ ಕೌಂಟಿಯಲ್ಲಿ ತೆರವಿನ ಆದೇಶ ಹೊರಟದ್ದು ಹಿಂದಿನ ದಿನ ಬೆಳಿಗ್ಗೆ. ಫ್ಲಾರಿಡಾದಲ್ಲಿ ಸುಮಾರು 150 ಮಂದಿ ಸತ್ತರು.

ಅತಿರೇಕದ ವರದಿಗಳಿಂದ ಬೇಸತ್ತ ಜನ ಮುಂದಿನ ಸಲ ಎಚ್ಚರಿಕೆಯನ್ನೇ ಅಲಕ್ಷಿಸುತ್ತಾರೆ ಎಂಬ 'ತೋಳ ಬಂತು ತೋಳ' ವಾದಕ್ಕೆ ಸಂಶೋಧನೆಯ ಬೆಂಬಲ ಅಂದುಕೊಂಡಷ್ಟಿಲ್ಲ. 1996ರಲ್ಲಿ 'ಬರ್ತಾ' ಮತ್ತು 'ಫ್ರಾನ್' ಎರಡೂ ದಕ್ಷಿಣ ಕ್ಯಾರೊಲಿನಾವನ್ನು ಬಿಟ್ಟು ಉತ್ತರಕ್ಕೆ ಹೋದ ಮೇಲೆ ಕರ್ಸ್ಟಿನ್ ಡೌ ಮತ್ತು ಸೂಸನ್ ಕಟ್ಟರ್ ನಡೆಸಿದ ಅಧ್ಯಯನದಲ್ಲಿ, ಹುಸಿ ಎಚ್ಚರಿಕೆಯ ಅನುಭವ ಜನರ ನಿರ್ಧಾರಕ್ಕೆ ಪ್ರಮುಖ ಕಾರಣವೆಂದು ಕಂಡುಬರಲಿಲ್ಲ. ಜನ ಹಲವು ಮೂಲಗಳನ್ನು ತಾಳೆ ನೋಡಿ ಸ್ವಂತ ತೀರ್ಮಾನಕ್ಕೆ ಬರುತ್ತಾರೆ. ನ್ಯೂಯಾರ್ಕ್‌ನ ಉದಾಹರಣೆ ಎದುರು ಪಕ್ಷಕ್ಕೆ ಒದಗುತ್ತದೆ: 2011ರಲ್ಲಿ 'ಐರೀನ್'ಗಾಗಿ ಸುಮಾರು 3.7 ಲಕ್ಷ ಜನರಿಗೆ ತೆರವಿನ ಆದೇಶ ಬಂತು, ನಗರಕ್ಕೆ ಭಾರಿ ಹಾನಿಯಾಗಲಿಲ್ಲ. ಮರುವರ್ಷ 'ಸ್ಯಾಂಡಿ' ಬಂದಾಗ ಐರೀನ್ ನೆನಪಿಸಿಕೊಂಡು ಮನೆಯಲ್ಲೇ ಉಳಿದವರಿದ್ದರು, ನಗರದಲ್ಲಿ 43 ಮಂದಿ ಸತ್ತರು. ಆದರೆ ನ್ಯೂಯಾರ್ಕಿಗರು 'ಬರೀ ಅಬ್ಬರ' ಎಂದ ಅದೇ ಐರೀನ್ ವರ್ಮಾಂಟ್‌ನ ರಸ್ತೆ ಸೇತುವೆಗಳನ್ನು ಕೊಚ್ಚಿಕೊಂಡು ಹೋಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಭಾಷೆಯ ತೀವ್ರತೆಗೆ ಮಿತಿ ಎಲ್ಲಿ ಎಂಬ ಪ್ರಶ್ನೆಗೆ 2008ರ 'ಐಕ್' ಒಳ್ಳೆಯ ಸಾಮಗ್ರಿ ಒದಗಿಸಿತು. ಗ್ಯಾಲ್ವೆಸ್ಟನ್ ತೀರದ ಸಣ್ಣ ಮನೆಗಳಲ್ಲಿ ಉಳಿದವರಿಗೆ 'ಸಾವು ಖಚಿತ' ಎಂದು ಎಚ್ಚರಿಸಿದ್ದು ಟಿ.ವಿ. ಅಲ್ಲ, ರಾಷ್ಟ್ರೀಯ ಹವಾಮಾನ ಸೇವೆ. ವಾಹಿನಿಗಳು ಅದನ್ನು ಮತ್ತೆ ಮತ್ತೆ ಮೊಳಗಿಸಿದವು. ರೆಬೆಕಾ ಮೋರ್ಸ್ ಮತ್ತು ಮೇರಿ ಹೇಡನ್ 49 ನಿವಾಸಿಗಳನ್ನು ಮುಖತಃ ಸಂದರ್ಶಿಸಿದಾಗ ಈ ಮಾತಿನ ಬಗ್ಗೆ ಸಿಕ್ಕ ಅಭಿಪ್ರಾಯ ಮಿಶ್ರವಾಗಿತ್ತು. ಮೋರ್ಸ್ ತಂಡದ ಮುಂದಿನ ಅಧ್ಯಯನಗಳೂ ಇಬ್ಬಗೆಯ ಫಲವನ್ನೇ ಸೂಚಿಸುತ್ತವೆ: ಭಯದ ಭಾಷೆ ಮನೆ ಬಿಡುವ ಇರಾದೆಯನ್ನು ಹೆಚ್ಚಿಸುತ್ತದೆ, ಜೊತೆಗೆ 'ಇದು ಉತ್ಪ್ರೇಕ್ಷೆ' ಎಂಬ ಗುಮಾನಿಯನ್ನೂ ಹುಟ್ಟಿಸುತ್ತದೆ.

ಮನೆ ಬಿಡುವುದೂ ಅಪಾಯವಿಲ್ಲದ ಆಯ್ಕೆಯಲ್ಲ ಎಂಬುದನ್ನು ವಾಹಿನಿಗಳು ಹೇಳುವುದು ಕಡಿಮೆ. 2005ರಲ್ಲಿ ನ್ಯೂ ಆರ್ಲಿಯನ್ಸ್‌ನ 'ಕತ್ರಿನಾ' ದೃಶ್ಯಗಳು ಕಣ್ಣಲ್ಲಿ ಇನ್ನೂ ಹಸಿಯಾಗಿದ್ದಾಗ 'ರೀಟಾ'ಗೆ ಹೆದರಿ ಹ್ಯೂಸ್ಟನ್ ಸುತ್ತಲಿನ 25 ಲಕ್ಷಕ್ಕೂ ಹೆಚ್ಚು ಜನ ರಸ್ತೆಗಿಳಿದರು. ಸೆಕೆ, ಇಂಧನದ ಅಭಾವ, ಮೈಲಿಗಟ್ಟಲೆ ನಿಂತ ವಾಹನಗಳು. ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಒಂದು ಬಸ್‌ಗೆ ಬೆಂಕಿ ಬಿದ್ದು 23 ಮಂದಿ ಸತ್ತರು. ಗಾಳಿ, ನೀರಿನಿಂದ ಹೋದದ್ದಕ್ಕಿಂತ ಹೆಚ್ಚಿನ ಜೀವ ಹೋದದ್ದು ಈ ತೆರವಿನಲ್ಲಿ. ಹೋಟೆಲ್ ಬಾಡಿಗೆ, ಪೆಟ್ರೋಲು, ಕೂಲಿ ನಷ್ಟ ಲೆಕ್ಕ ಹಾಕಿ ಉಳಿದವರನ್ನು ಪರದೆ ಮೊಂಡರೆಂದೇ ಚಿತ್ರಿಸುತ್ತದೆ. ಈ ಚಾಳಿ ಹಳೆಯದು: 1969ರ 'ಕಮೀಲ್' ವೇಳೆ ಮಿಸಿಸಿಪ್ಪಿಯ ಪಾಸ್ ಕ್ರಿಶ್ಚಿಯನ್‌ನ ರಿಶೆಲ್ಯೂ ವಸತಿ ಕಟ್ಟಡದಲ್ಲಿ 'ಹರಿಕೇನ್ ಪಾರ್ಟಿ' ಮಾಡುತ್ತಿದ್ದವರು ಸತ್ತರೆಂಬ ಕಥೆ ದೇಶವಿಡೀ ಹರಡಿತು, ಅಂಥ ಪಾರ್ಟಿಯೇ ನಡೆಯಲಿಲ್ಲವೆಂದು ಬದುಕುಳಿದವರು ಹೇಳುತ್ತಲೇ ಬಂದರು. ಕತ್ರಿನಾ ನಂತರ ಸಂತ್ರಸ್ತರು ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಕೊಲೆಗಳ ಸರಣಿಯೇ ನಡೆದಿದೆ ಎಂಬ ವರದಿಗಳು ಬಹುಪಾಲು ಆಧಾರರಹಿತವೆಂದು ನ್ಯೂ ಆರ್ಲಿಯನ್ಸ್‌ನ 'ಟೈಮ್ಸ್-ಪಿಕಯೂನ್' ಪತ್ರಿಕೆ ಒಂದೇ ತಿಂಗಳೊಳಗೆ ಬಯಲಿಗಿಟ್ಟಿತು. ವದಂತಿಗೆ ದನಿಗೂಡಿಸಿದವರಲ್ಲಿ ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥರೂ ಇದ್ದುದರಿಂದ ತಪ್ಪು ಟಿ.ವಿ.ಯದ್ದೊಂದೇ ಅಲ್ಲ. ಆದರೂ ನಿವಾಸಿಗಳ ಅಸಮಾಧಾನದಲ್ಲಿ ಅತ್ಯಂತ ಕಹಿಯಾದ ಪದರ, ತಮ್ಮನ್ನು ಹೀಗೆ ಚಿತ್ರಿಸುವುದೇ.

ಅತಿರೇಕದ ಆರೋಪವನ್ನೂ ಅತಿರೇಕಕ್ಕೆ ಒಯ್ಯಬಹುದು. ಪಾಮ್ ಬೀಚ್ ನಿವಾಸಿಯಾಗಿದ್ದ ರೇಡಿಯೊ ನಿರೂಪಕ ರಷ್ ಲಿಂಬಾ 2017ರಲ್ಲಿ 'ಇರ್ಮಾ' ಕುರಿತ ಭೀತಿಯಿಂದ ಅಂಗಡಿಗಳಿಗೂ ವಾಹಿನಿಗಳಿಗೂ ಲಾಭವಾಗುತ್ತಿದೆ ಎಂದು ಹೇಳಿ, ಕೆಲವೇ ದಿನಗಳಲ್ಲಿ ತಾವೂ ಊರು ಬಿಟ್ಟರು.

2024ರ ಅಕ್ಟೋಬರ್‌ನ 'ಮಿಲ್ಟನ್' ಈ ಎಲ್ಲ ವಾದಗಳನ್ನು ಮತ್ತೆ ಕೆದಕಿತು. ಹತ್ತು ಗಂಟೆಯಲ್ಲಿ ವಾಯುಭಾರ 50 ಮಿಲಿಬಾರ್ ಕುಸಿದುದನ್ನು ಓದುವಾಗ ಮಯಾಮಿಯ ಹವಾಮಾನ ತಜ್ಞ ಜಾನ್ ಮೊರಾಲೆಸ್ ಗದ್ಗದಿತರಾದರು. ತೆರವಿನ ವಲಯದಲ್ಲಿ ಉಳಿದರೆ ಸಾಯುತ್ತೀರಿ ಎಂದು ಟ್ಯಾಂಪಾ ಮೇಯರ್ ನೇರಪ್ರಸಾರದಲ್ಲಿ ಹೇಳಿದರು. ಮಿಲ್ಟನ್ ಟ್ಯಾಂಪಾಕ್ಕಿಂತ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಬಳಿ ತೀರ ಮುಟ್ಟಿದ್ದರಿಂದ ಟ್ಯಾಂಪಾ ಕೊಲ್ಲಿಯ ನೀರು ಏರುವ ಬದಲು ಹಿಂದಕ್ಕೆ ಸರಿಯಿತು. ಎರಡು ವಾರಗಳ ಹಿಂದಷ್ಟೇ 'ಹೆಲೀನ್' ಉಬ್ಬರದಲ್ಲಿ ಪಕ್ಕದ ಪಿನೆಲಸ್ ಕೌಂಟಿಯ 12 ಮಂದಿಯನ್ನು ಕಳೆದುಕೊಂಡಿದ್ದ ಆ ಪ್ರದೇಶದಲ್ಲಿ ಮೇಯರ್ ಮಾತು ಅತಿಯಾಯಿತೆಂದವರೂ ಇದ್ದರು, ಬೇಕಿತ್ತೆಂದವರೂ ಇದ್ದರು. ಮಿಲ್ಟನ್ ತೀರ ಮುಟ್ಟಿದ ದಿನವೇ ಮಧ್ಯಾಹ್ನ, ಅದು ಇನ್ನೂ ಕಡಲಲ್ಲಿರುವಾಗಲೇ, ಅದರ ಹೊರ ಸುರುಳಿಗಳಿಂದ ಎದ್ದ ಸುಂಟರಗಾಳಿ ಫ್ಲಾರಿಡಾದ ಮತ್ತೊಂದು ತೀರದಲ್ಲಿ, ಫೋರ್ಟ್ ಪಿಯರ್ಸ್ ಬಳಿಯ ಸ್ಪ್ಯಾನಿಶ್ ಲೇಕ್ಸ್ ಎಂಬ ವೃದ್ಧರ ಬಡಾವಣೆಯಲ್ಲಿ ಆರು ಜನರನ್ನು ಕೊಂದಿತು.