ಯಕೃತ್ತಿಗೆ ಹಬ್ಬಿದ ಕರುಳಿನ ಕ್ಯಾನ್ಸರ್: ಕೂಡಿ ಗೆದ್ದ ಔಷಧಗಳ ಕಥೆ



ದೊಡ್ಡ ಕರುಳಿನಿಂದ ಹೊರಡುವ ರಕ್ತವು ಬಹುಮಟ್ಟಿಗೆ ಯಕೃತ್ತನ್ನು ಹಾದು ಹೃದಯವನ್ನು ಸೇರುತ್ತದೆ. ಆದುದರಿಂದಲೇ ಕರುಳಿನ ಕ್ಯಾನ್ಸರ್ ಹಬ್ಬುವಾಗ ಹೆಚ್ಚಾಗಿ ಮೊದಲು ನೆಲೆಯೂರುವುದು ಯಕೃತ್ತಿನಲ್ಲಿ. ನಾನು ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಬಹುಪಾಲು ರೋಗಿಗಳಿಗೆ ಅದೇ ಕೊನೆಯ ತೀರ್ಪಾಗಿತ್ತು. ಇಂದು ಆ ಸ್ಥಿತಿಯಿಲ್ಲ. ಈ ಬದಲಾವಣೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಫ್ಲೂರೋಯುರಾಸಿಲ್ ಎಂಬ ಔಷಧವನ್ನು ಪ್ರಕಟಪಡಿಸಿದರು. ಇಲಿಗಳ ಯಕೃತ್ತಿನ ಗಡ್ಡೆಗಳು ಯುರಾಸಿಲ್ ಎಂಬ ದ್ರವ್ಯವನ್ನು ಅಧಿಕವಾಗಿ ಬಳಸುವುದು ಆಗಲೇ ಕಂಡುಬಂದಿತ್ತು. ಅದನ್ನು ಹೋಲುವ ಹುಸಿ ವಸ್ತುವನ್ನು ಉಣಿಸಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುವುದೇ ಅವರ ಉಪಾಯ. ಮುಂದೆ ಸುಮಾರು 4 ದಶಕ ಇದೇ ಮುಖ್ಯ ಆಸರೆಯಾಗಿತ್ತು. ಲ್ಯೂಕೊವೊರಿನ್ ಜೊತೆಗೂಡಿ ಅದರ ಬಲವನ್ನು ಹೆಚ್ಚಿಸಿತು.

ಎರಡನೆಯ ಔಷಧದ ಮೂಲ ಒಂದು ಮರ. 1966ರಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಜನಿಸಿದ ಮನ್‌ಸುಖ್ ವಾನಿ, ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ನಮ್ಮ ಪಶ್ಚಿಮ ಘಟ್ಟಗಳ ದುರ್ವಾಸನೆ ಮರದಲ್ಲಿಯೂ ಅದೇ ಸತ್ತ್ವವಿರುವುದನ್ನು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ವರದಿ ಮಾಡಿದರು. ಅದರ ವಿಷಗುಣವನ್ನು ಪಳಗಿಸಿ ಇರಿನೊಟೆಕಾನ್ ಅನ್ನು ರೂಪಿಸಿದವರು ಜಪಾನಿನ ವಿಜ್ಞಾನಿಗಳು.

ಮೂರನೆಯದಾದ ಆಕ್ಸಾಲಿಪ್ಲಾಟಿನ್ ಕೂಡ 1976ರಲ್ಲಿ ಜಪಾನಿನ ನಗೋಯದಲ್ಲಿ ಹುಟ್ಟಿತು. ಬಳಕೆಗೆ ಬಂದದ್ದು ಫ್ರಾನ್ಸಿನಲ್ಲಿ. ಡಾ. ಎಮೆರಿ ದ ಗ್ರಾಮಾಂ ಮತ್ತು ಸಹವೈದ್ಯರು 420 ರೋಗಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಚಿಕಿತ್ಸೆಯಿಂದ ಶೇಕಡಾ 22 ಮಂದಿಯ ಗಡ್ಡೆಗಳು ಕುಗ್ಗಿದರೆ, ಆಕ್ಸಾಲಿಪ್ಲಾಟಿನ್ ಕೂಡಿಸಿದಾಗ ಶೇಕಡಾ 50ರಷ್ಟು ಮಂದಿಯವು ಕುಗ್ಗಿದವು.

ಕುಗ್ಗಿದರೆ ಲಾಭವೇನು? ಪ್ಯಾರಿಸ್ ಬಳಿಯ ಪಾಲ್ ಬ್ರೂಸ್ ಆಸ್ಪತ್ರೆಯ ಶಸ್ತ್ರವೈದ್ಯರು 1996ರಲ್ಲಿಯೇ ಉತ್ತರ ಕೊಟ್ಟಿದ್ದರು. ಶಸ್ತ್ರಕ್ರಿಯೆ ಅಸಾಧ್ಯವೆನಿಸಿದ್ದ 330 ರೋಗಿಗಳ ಪೈಕಿ 53 ಮಂದಿಗೆ ಔಷಧದ ತರುವಾಯ ಅದು ಸಾಧ್ಯವಾಯಿತು. ಅವರಲ್ಲಿ 5 ವರ್ಷ ಬದುಕುಳಿಯುವ ಪ್ರಮಾಣ ಶೇಕಡಾ 40ರಷ್ಟಿತ್ತು. ಕೇವಲ ಆಯುಸ್ಸನ್ನು ತುಸು ಹಿಗ್ಗಿಸುತ್ತಿದ್ದ ಔಷಧವು ಹೀಗೆ ಶಸ್ತ್ರಕ್ರಿಯೆಗೆ ಸೇತುವೆಯಾಯಿತು.

ಈ ಭಾಗ್ಯ ಎಲ್ಲರಿಗೂ ದೊರೆಯದು. ಭೇದಿ, ಕೈಕಾಲುಗಳ ಜೋಮು ಮುಂತಾದ ಬಾಧೆಗಳೂ ಉಂಟು. ಆದರೂ ಊರಿನಿಂದ ಇಂಥ ಸುದ್ದಿ ಬಂದಾಗ ಧೈರ್ಯಗೆಡದೆ ಎರಡು ಪ್ರಶ್ನೆ ಕೇಳಿರಿ: ಯಕೃತ್ತಿನ ಶಸ್ತ್ರಕ್ರಿಯೆಯಲ್ಲಿ ನುರಿತವರು ಸ್ಕ್ಯಾನ್ ನೋಡಿದ್ದಾರೆಯೇ? ಕೆಲವು ಸುತ್ತು ಔಷಧದ ಬಳಿಕ ಮತ್ತೊಮ್ಮೆ ನೋಡುವರೇ? ಮೊದಲು “ಆಗದು” ಎಂದದ್ದು ಆಮೇಲೆ “ಆಗಬಹುದು” ಎಂದಾಗುವುದುಂಟು.