ಎಲೆಕ್ಟ್ರಾನಿಗಿಂತ ಮೊದಲು ವೇಲೆನ್ಸಿ: ಪ್ರೌಢಶಾಲೆಯಲ್ಲಿ ಧಾತುಗಳ ವರ್ಗೀಕರಣ ಕಲಿಸುವ ಕ್ರಮವನ್ನು ಕುರಿತು

ಸಾರಾಂಶ

ಪರಮಾಣುವಿನ ರಚನೆಯನ್ನು ಮೊದಲು, ಧಾತುಗಳ ವರ್ಗೀಕರಣವನ್ನು ಆಮೇಲೆ ಕಲಿಸುವುದು ನಮ್ಮ ಪ್ರೌಢಶಾಲೆಗಳ ರೂಢಿ. ಈ ಕ್ರಮದಲ್ಲಿ ಆವರ್ತ ಕೋಷ್ಟಕವು ಎಲೆಕ್ಟ್ರಾನುಗಳನ್ನು ಎಣಿಸಿ ತುಂಬುವ ಪಟ್ಟಿಯಾಗಿಬಿಡುತ್ತದೆ. ಎಲೆಕ್ಟ್ರಾನಿನ ಸುಳಿವೇ ಇಲ್ಲದ ಕಾಲದಲ್ಲಿ ಅದು ಹೇಗೆ ರೂಪುಗೊಂಡಿತು, ಇನ್ನೂ ಸಿಗದ ಧಾತುಗಳ ಗುಣವನ್ನು ಹೇಗೆ ಹೇಳಿತು ಎಂಬ ಮುಖ್ಯ ಸಂಗತಿ ಮರೆಗೆ ಸರಿಯುತ್ತದೆ. ಪರಮಾಣು ರಾಶಿ ಮತ್ತು ವೇಲೆನ್ಸಿ ಇವೆರಡನ್ನೇ ಆಧರಿಸಿದ ಹದಿನಾರು ಚೀಟಿಗಳ ಚಟುವಟಿಕೆಯೊಂದನ್ನು ಈ ಲೇಖನ ವಿಶ್ಲೇಷಿಸುತ್ತದೆ. ಎಲೆಕ್ಟ್ರಾನ್ ವಿನ್ಯಾಸವು ವರ್ಗೀಕರಣದ ಆರಂಭದಲ್ಲಲ್ಲ, ಕೊನೆಯಲ್ಲಿ ಬರಬೇಕೆಂಬುದು ಇದರ ವಾದ.

1. ಸಮಸ್ಯೆಯ ನೆಲೆ

ಪಠ್ಯದ ಹೊರೆ ಇಳಿಸುವ ಕ್ರಮವಾಗಿ 2022ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನದಿಂದ ಆವರ್ತ ವರ್ಗೀಕರಣದ ಅಧ್ಯಾಯವನ್ನು ಕೈಬಿಟ್ಟಿತು. ಹನ್ನೊಂದನೇ ತರಗತಿಯ ರಸಾಯನಶಾಸ್ತ್ರದಲ್ಲಿ ಅದು ಉಳಿದಿದೆ. ಹತ್ತರ ನಂತರ ಕಲಾ ಅಥವಾ ವಾಣಿಜ್ಯ ವಿಭಾಗಕ್ಕೆ ಹೋಗುವವರಿಗೆ ಮಾತ್ರ ಕೋಷ್ಟಕದ ಪರಿಚಯ ತಪ್ಪುತ್ತದೆ. ಈ ನಿರ್ಧಾರವನ್ನು ಹಲವು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿದರು. ಆ ಅಧ್ಯಾಯ ಇರಬೇಕೆ, ಬೇಡವೆ ಎಂಬ ಚರ್ಚೆಯ ಗದ್ದಲದಲ್ಲಿ ಅದನ್ನು ಹೇಗೆ ಕಲಿಸುತ್ತಿದ್ದೆವು ಎಂಬ ಪ್ರಶ್ನೆ ಹಿಂದೆ ಬಿತ್ತು.

ಇತಿಹಾಸಕ್ಕೆ ಆ ಅಧ್ಯಾಯದಲ್ಲಿ ಕೊರತೆ ಇರಲಿಲ್ಲ. ಡೋಬರೈನರ್‌ನ ತ್ರಿವಳಿ, ನ್ಯೂಲ್ಯಾಂಡ್ಸ್‌ನ ಅಷ್ಟಕ, ಮೆಂಡಲೀವ್‌ನ ಕೋಷ್ಟಕ, ಆಧುನಿಕ ಕೋಷ್ಟಕ ಎಲ್ಲವೂ ಸಾಲಾಗಿ ಬರುತ್ತಿದ್ದವು. ಒಂದೊಂದರ ಕೊನೆಯಲ್ಲೂ ‘ಮಿತಿಗಳು’ ಎಂಬ ಭಾಗ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅದೇ ಪ್ರಶ್ನೆ. ಅಷ್ಟಕಗಳ ನಿಯಮ ಕ್ಯಾಲ್ಸಿಯಂವರೆಗೆ ಮಾತ್ರ ಅನ್ವಯವಾಗುತ್ತದೆ ಎಂದು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಸಿಗುತ್ತಿತ್ತು. ಕ್ಯಾಲ್ಸಿಯಂವರೆಗಾದರೂ ಅದು ಏಕೆ ಸರಿಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಷ್ಟರಲ್ಲಾಗಲೇ ಒಂಬತ್ತನೇ ತರಗತಿಯಲ್ಲಿ ಮೊದಲ ಹದಿನೆಂಟು ಧಾತುಗಳ ಎಲೆಕ್ಟ್ರಾನ್ ಹಂಚಿಕೆ ಮುಗಿದಿರುತ್ತಿತ್ತು. ಹೊರಕವಚದ ಎಲೆಕ್ಟ್ರಾನ್ ಎಣಿಸಿದರೆ ಗುಂಪು, ಕವಚ ಎಣಿಸಿದರೆ ಆವರ್ತ. ಉತ್ತರ ಮೊದಲೇ ಕೈಲಿರುವವರಿಗೆ ಡೋಬರೈನರ್, ನ್ಯೂಲ್ಯಾಂಡ್ಸ್ ಇಬ್ಬರೂ ಸುಮ್ಮನೆ ತಡಕಾಡಿದವರಂತೆ ಕಾಣುತ್ತಾರೆ.

2. ಹದಿನಾರು ಚೀಟಿಗಳು

ಲಿಥಿಯಂನಿಂದ ಕ್ಯಾಲ್ಸಿಯಂವರೆಗಿನ ಧಾತುಗಳಲ್ಲಿ ನಿಯಾನ್, ಆರ್ಗಾನ್ ಎರಡನ್ನು ಬಿಟ್ಟರೆ ಹದಿನಾರು ಉಳಿಯುತ್ತವೆ. ಒಂದೊಂದಕ್ಕೂ ಒಂದು ಚೀಟಿ. ಚೀಟಿಯಲ್ಲಿ ಪರಮಾಣು ರಾಶಿ, ಒಂದು ಪರಮಾಣುವಿನೊಡನೆ ಎಷ್ಟು ಹೈಡ್ರೋಜನ್ ಪರಮಾಣುಗಳು ಕೂಡುತ್ತವೆ ಎಂಬ ಸಂಖ್ಯೆ, ಲೋಹವೋ ಅಲೋಹವೋ ಎಂಬ ವಿವರ ಇಷ್ಟೇ ಇರಲಿ. ಪರಮಾಣು ಸಂಖ್ಯೆಯಾಗಲಿ ಎಲೆಕ್ಟ್ರಾನ್ ಆಗಲಿ ಬೇಡ. 1869ರಲ್ಲಿ ಮೆಂಡಲೀವ್ ಕೈಯಲ್ಲಿ 63 ಧಾತುಗಳಿದ್ದವು. ಮಾಹಿತಿ ಹೆಚ್ಚಿದ್ದರೂ ಬಗೆ ಇದೇ. ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಪಠ್ಯಪುಸ್ತಕ ಬರೆಯುತ್ತಿದ್ದಾಗಲೇ ಆತ ಈ ಕೋಷ್ಟಕಕ್ಕೆ ಬಂದದ್ದು. ಅಂದರೆ ಕೋಷ್ಟಕ ಹುಟ್ಟಿದ್ದೇ ಪಾಠ ಹೇಳುವ ತೊಡಕಿನಿಂದ.

ರಾಶಿಯ ಏರಿಕೆಯಲ್ಲಿ ಜೋಡಿಸಿದರೆ ಲಿಥಿಯಂ 7, ಬೆರಿಲಿಯಂ 9, ಬೋರಾನ್ 11, ಕಾರ್ಬನ್ 12, ನೈಟ್ರೋಜನ್ 14, ಆಕ್ಸಿಜನ್ 16, ಫ್ಲೋರಿನ್ 19. ಇವುಗಳ ವೇಲೆನ್ಸಿ 1, 2, 3, 4, 3, 2, 1. ಮುಂದೆ ಸೋಡಿಯಂ 23ರಿಂದ ಕ್ಲೋರಿನ್ 35.5ರವರೆಗೆ ಅದೇ ಏರಿಳಿತ ಮರುಕಳಿಸುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಬಂದಾಗ ಮತ್ತೆ 1, 2. ಲಿಥಿಯಂನಿಂದ ಎಣಿಸಿದರೆ ಎಂಟನೆಯದು ಸೋಡಿಯಂ. ಸೋಡಿಯಂನಿಂದ ಎಂಟನೆಯದು ಪೊಟ್ಯಾಸಿಯಂ. 1865ರಲ್ಲಿ ನ್ಯೂಲ್ಯಾಂಡ್ಸ್ ಕಂಡದ್ದು ಇದನ್ನೇ. ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಆತನ ಪ್ರಬಂಧಕ್ಕೆ ಸಿಕ್ಕ ಪ್ರತಿಕ್ರಿಯೆಯಲ್ಲಿ, ಧಾತುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿ ನೋಡಿದ್ದೀರಾ ಎಂಬ ಕೊಂಕು ಪ್ರಶ್ನೆಯೂ ಇತ್ತು. ಚೀಟಿ ಜೋಡಿಸಿದ ಮಕ್ಕಳು ಆ ಕೊಂಕಿಗೆ ತಾವೇ ಉತ್ತರ ಕೊಡಬಲ್ಲರು: ಅಕ್ಷರಾನುಕ್ರಮದಲ್ಲಿ ಇಟ್ಟರೆ ವೇಲೆನ್ಸಿ ಯಾವ ಲಯಕ್ಕೂ ಸಿಗುವುದಿಲ್ಲ.

3. ಖಾಲಿ ಮನೆ

ಈಗ ಸಿಲಿಕಾನ್ ಚೀಟಿಯನ್ನು ಮೊದಲೇ ತೆಗೆದಿಟ್ಟು, ಹದಿನೈದನ್ನು ಮಾತ್ರ ಮಕ್ಕಳಿಗೆ ಕೊಡೋಣ. ಏಳು ಮನೆಗಳ ಸಾಲುಗಳಲ್ಲಿ ಒಂದಾದ ಮೇಲೊಂದು ಇಟ್ಟುಕೊಂಡು ಹೋದರೆ ಅಲ್ಯೂಮಿನಿಯಂ ಆದ ಕೂಡಲೇ ರಂಜಕ ಬರುತ್ತದೆ. ರಂಜಕ ಕಾರ್ಬನ್ನಿನ ಕೆಳಗೆ, ಗಂಧಕ ನೈಟ್ರೋಜನ್ನಿನ ಕೆಳಗೆ, ಕ್ಲೋರಿನ್ ಆಕ್ಸಿಜನ್ನಿನ ಕೆಳಗೆ ಕೂರುತ್ತದೆ. ಕೊನೆಗೆ ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಪೊಟ್ಯಾಸಿಯಂ ಲೋಹವು ಫ್ಲೋರಿನ್ ಅನಿಲದ ಕೆಳಗೆ ಬಂದು ನಿಲ್ಲುತ್ತದೆ. ಎಲ್ಲೋ ತಪ್ಪಿದೆ ಎಂದು ಶಿಕ್ಷಕರು ಹೇಳಬೇಕಾಗಿಲ್ಲ, ಚೀಟಿಗಳೇ ಹೇಳುತ್ತವೆ.

ತಪ್ಪು ಎಲ್ಲಿ ಎಂದು ಹುಡುಕುವುದೇ ಪಾಠದ ತಿರುಳು. ಅಲ್ಯೂಮಿನಿಯಂ 27, ರಂಜಕ 31. ನಡುವೆ ನಾಲ್ಕರ ಅಂತರ. ಆದರೆ ಫ್ಲೋರಿನ್ನಿಗೂ ಸೋಡಿಯಂಗೂ ಅಷ್ಟೇ ಅಂತರವಿದೆ. ಹಾಗಾಗಿ ರಾಶಿಯೊಂದನ್ನೇ ನಂಬಿದರೆ ಜಾಗ ಖಚಿತವಾಗುವುದಿಲ್ಲ. 3ರಿಂದ ನೇರ 3ಕ್ಕೆ ಹಾರಿದ ವೇಲೆನ್ಸಿ ನೋಡಿದಾಗ ನಡುವೆ ಒಂದು 4 ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ. ಮನೆ ಖಾಲಿ ಬಿಟ್ಟ ಕೂಡಲೇ ಉಳಿದವೆಲ್ಲ ತಂತಮ್ಮ ಬಂಧುಗಳ ಕೆಳಗೆ ಸೇರುತ್ತವೆ. ಇನ್ನು ಅಲ್ಲಿಗೆ ಬರಬೇಕಾದವನ ಲಕ್ಷಣ ಬರೆಯಬಹುದು: ರಾಶಿ 29ರ ಆಸುಪಾಸು, ನಾಲ್ಕು ಹೈಡ್ರೋಜನ್ನಿನೊಡನೆ ಕೂಡುವುದು, ಆಕ್ಸೈಡಿನಲ್ಲಿ ಒಂದಕ್ಕೆ ಎರಡು ಆಕ್ಸಿಜನ್, ಲೋಹ ಮತ್ತು ಅಲೋಹಗಳ ನಡುವಿನ ಸ್ವಭಾವ. ಆಮೇಲೆ ಚೀಟಿ ಹೊರತೆಗೆದರೆ ಸಿಲಿಕಾನ್, ರಾಶಿ 28. ಅದರ ಆಕ್ಸೈಡ್ ಶಾಲೆಯಂಗಳದ ಮರಳಿನಲ್ಲೇ ಇದೆ.

ಇಷ್ಟಾದ ಮೇಲೆ ಮೆಂಡಲೀವ್‌ನ ಮಾತು ಮಕ್ಕಳಿಗೆ ಪವಾಡದಂತೆ ಕಾಣುವುದಿಲ್ಲ, ತಾವೂ ನಡೆದ ದಾರಿಯಾಗಿ ಕಾಣುತ್ತದೆ. 1871ರಲ್ಲಿ ಆತ ಸಿಲಿಕಾನಿನ ಕೆಳಗೆ ಖಾಲಿ ಬಿಟ್ಟ ಮನೆಗೆ ಬರಬೇಕಾದ ‘ಏಕ-ಸಿಲಿಕಾನ್’ ಎಂಬ ಧಾತುವಿಗೆ ಪರಮಾಣು ರಾಶಿ 72, ಸಾಂದ್ರತೆ 5.5 ಎಂದು ಬರೆದ. 1886ರಲ್ಲಿ ವಿಂಕ್ಲರ್ ಜರ್ಮೇನಿಯಂ ಕಂಡುಹಿಡಿದು ಅಳೆದಾಗ ಸಿಕ್ಕಿದ್ದು 72.3 ಮತ್ತು 5.47. ಗ್ಯಾಲಿಯಂ ಕಥೆ ಇನ್ನೂ ಚೆನ್ನ. 1875ರಲ್ಲಿ ಅದನ್ನು ಕಂಡ ಲೆಕಾಕ್ ದ ಬ್ವಾಬೋದ್ರಾನ್ ಸಾಂದ್ರತೆ 4.7 ಎಂದ, 5.9ರ ಹತ್ತಿರ ಇರಬೇಕು ಎಂದು ಮೆಂಡಲೀವ್ ವಾದಿಸಿದ. ಲೋಹವನ್ನು ಶುದ್ಧಗೊಳಿಸಿ ಮತ್ತೆ ಅಳೆದಾಗ 5.9 ಬಂತು.

4. ಬೆರಿಲಿಯಂ: ಅಳತೆಯ ಅರ್ಥ ಬದಲಿಸಿದ ಸ್ಥಾನ

ಕೋಷ್ಟಕವು ಹೊಸದನ್ನು ಹೇಳಿದ್ದಷ್ಟೇ ಅಲ್ಲ, ಇದ್ದದ್ದನ್ನೂ ತಿದ್ದಿತು. ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಬಾರದ ಈ ಸಂಗತಿಗೆ ಬೇಕಾದ ಲೆಕ್ಕ ಗುಣಾಕಾರ ಮಾತ್ರ. ಒಂದು ಗ್ರಾಂ ಹೈಡ್ರೋಜನ್ನಿಗೆ ಸಮನಾಗಿ ಕೂಡುವ ಬೆರಿಲಿಯಂ ಸುಮಾರು 4.6 ಗ್ರಾಂ ಎಂದು ಆಗಿನ ಅಳತೆ. ವೇಲೆನ್ಸಿ 3 ಎಂದು ಹಲವರು ನಂಬಿದ್ದರಿಂದ ಪರಮಾಣು ರಾಶಿ ಸುಮಾರು 14 ಎಂದಾಗಿತ್ತು. ಆದರೆ 14ರ ಮನೆಯಲ್ಲಿ ನೈಟ್ರೋಜನ್ ಆಗಲೇ ಕೂತಿದೆ. ಲಿಥಿಯಂ 7 ಮತ್ತು ಬೋರಾನ್ 11ರ ನಡುವೆ ವೇಲೆನ್ಸಿ 2ರ ಮನೆ ಖಾಲಿ. ವೇಲೆನ್ಸಿ 2 ಎಂದುಕೊಂಡರೆ ರಾಶಿ ಸುಮಾರು 9, ಅಲ್ಲಿಗೆ ಸರಿಯಾಗಿ ಹೊಂದುತ್ತದೆ. ಮೆಂಡಲೀವ್ ಹಾಗೆಯೇ ಇಟ್ಟ. ವೇಲೆನ್ಸಿ 3ರ ಪಕ್ಷ ಹಿಡಿದಿದ್ದ ನಿಲ್ಸನ್ ಮತ್ತು ಪೆಟರ್ಸನ್ 1884ರಲ್ಲಿ ಬೆರಿಲಿಯಂ ಕ್ಲೋರೈಡಿನ ಆವಿಯ ಸಾಂದ್ರತೆ ಅಳೆದು, 9 ಸರಿ ಎಂದು ತಾವೇ ತೋರಿಸಿದರು. ಪ್ರಯೋಗದ ಅಂಕಿ ಬದಲಾಗಲಿಲ್ಲ, ಅದನ್ನು ಓದುವ ಬಗೆ ಬದಲಾಯಿತು. ವಿಜ್ಞಾನದಲ್ಲಿ ಅಳತೆಗೂ ಸಿದ್ಧಾಂತಕ್ಕೂ ಇರುವ ನಂಟನ್ನು ಹದಿನೈದರ ಮಕ್ಕಳಿಗೆ ಮುಟ್ಟಿಸಲು ಇಷ್ಟು ಸರಳವಾದ ಉದಾಹರಣೆ ಅಪರೂಪ.

5. ಇಡೀ ಕಂಬಸಾಲೇ ಇಲ್ಲದಿದ್ದಾಗ

ಇದೇ ಚೀಟಿಗಳಲ್ಲಿ ವಿಧಾನದ ಮಿತಿಯೂ ಇದೆ. ನಿಯಾನ್, ಆರ್ಗಾನ್ ಇಲ್ಲದಿದ್ದರೂ ಜೋಡಣೆಗೆ ಏನೂ ತೊಂದರೆಯಾಗಲಿಲ್ಲ. ಸಿಲಿಕಾನ್ ಒಂದೇ ಕಾಣೆಯಾದಾಗ ಮೇಲಿನ ಕಾರ್ಬನ್ ಅದರ ಜಾಗ ಹಿಡಿದಿಟ್ಟಿತ್ತು. ಗುಂಪಿಗೆ ಗುಂಪೇ ಕಾಣೆಯಾದರೆ ಗುರುತು ಹೇಳಲು ಯಾರೂ ಇರುವುದಿಲ್ಲ. ಮೆಂಡಲೀವ್ ಈ ಅನಿಲಗಳನ್ನು ಮುಂಗಂಡಿರಲಿಲ್ಲ, ಆರ್ಗಾನ್ ಸಿಕ್ಕ ಮೇಲೂ ಅದನ್ನು ಹೊಸ ಧಾತುವೆಂದು ಒಪ್ಪಲು ಹಿಂಜರಿದ.

ಈ ಕಂಬಸಾಲಿನ ಕಥೆಗೆ ಕರ್ನಾಟಕದ ನಂಟಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಜಾನ್ಸೆನ್, ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕದಿಂದ ನೋಡಿದರು. ಸೂರ್ಯನ ಜ್ವಾಲೆಗಳ ಬೆಳಕಿನಲ್ಲಿ ಆ ವರ್ಷ ಗುರುತಿಸಿದ ಹಳದಿ ಗೆರೆಯೇ ಹೀಲಿಯಂನ ಮೊದಲ ಸುಳಿವಾಯಿತು. ಭೂಮಿಯ ಮೇಲೆ ಅದನ್ನು 1895ರಲ್ಲಿ ಹಿಡಿದವನು ವಿಲಿಯಂ ರಾಮ್ಸೆ. ಅದಕ್ಕೆ ಮುಂಚೆ ರ‍್ಯಾಲಿ ಜೊತೆ ಆರ್ಗಾನ್, 1898ರಲ್ಲಿ ಟ್ರಾವರ್ಸ್ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅವನ ಪಾಲಿಗೆ ಬಂದವು. ಜೆಮ್‌ಷೆಟ್‌ಜಿ ಟಾಟಾರ ವಿಜ್ಞಾನ ಸಂಸ್ಥೆಯ ಯೋಜನೆ ಪರಿಶೀಲಿಸಲು ಭಾರತಕ್ಕೆ ಬಂದು, ಬೆಂಗಳೂರೇ ತಕ್ಕ ಜಾಗ ಎಂದು ಶಿಫಾರಸು ಮಾಡಿದವನೂ ಇದೇ ರಾಮ್ಸೆ. ಟ್ರಾವರ್ಸ್ ಅದರ ಮೊದಲ ನಿರ್ದೇಶಕನಾದ.

6. ಎಲೆಕ್ಟ್ರಾನಿನ ಸರದಿ

ಈಗ ನಿಯಾನ್ 20, ಆರ್ಗಾನ್ 40ರ ಚೀಟಿ ಕೊಟ್ಟರೆ ಹೊಸ ತಕರಾರು ಏಳುತ್ತದೆ. ನಿಯಾನ್ ಫ್ಲೋರಿನ್ನಿನ ಪಕ್ಕ ಸಲೀಸಾಗಿ ಕೂರುತ್ತದೆ. ಆರ್ಗಾನ್ (39.9) ಪೊಟ್ಯಾಸಿಯಂಗಿಂತ (39.1) ಭಾರ, ರಾಶಿಯ ಕ್ರಮ ಪಾಲಿಸಿದರೆ ಗುಣ ಕೆಡುತ್ತದೆ, ಗುಣ ಪಾಲಿಸಿದರೆ ಕ್ರಮ ಕೆಡುತ್ತದೆ. ಮೆಂಡಲೀವ್‌ನಿಗೆ ಟೆಲ್ಲೂರಿಯಂ ಮತ್ತು ಅಯೋಡಿನ್ ಒಡ್ಡಿದ್ದ ಇಕ್ಕಟ್ಟೂ ಇದೇ. ಹಾಗಾದರೆ ರಾಶಿಗಿಂತ ಆಳವಾದ ಸಂಖ್ಯೆಯೊಂದು ಇರಬೇಕು ಎಂಬ ಊಹೆಗೆ ತರಗತಿ ತಾನಾಗಿ ಬರುತ್ತದೆ. 1913ರಲ್ಲಿ ಮೋಸ್ಲೆ ಎಕ್ಸ್-ಕಿರಣಗಳಿಂದ ಪರಮಾಣು ಸಂಖ್ಯೆಯನ್ನು ಅಳೆಯುವ ದಾರಿ ತೋರಿಸಿದ್ದನ್ನು ಹೇಳಬೇಕಾದ ಗಳಿಗೆ ಇದು.

ಎಲೆಕ್ಟ್ರಾನ್ ವಿನ್ಯಾಸ ಇದರ ನಂತರ ಬಂದರೆ ಇನ್ನೊಂದು ಲಾಭವಿದೆ. ಮೂರನೇ ಕವಚ ಹದಿನೆಂಟು ಎಲೆಕ್ಟ್ರಾನ್ ಹಿಡಿಯುವುದಾದರೆ ಪೊಟ್ಯಾಸಿಯಂ 2, 8, 9 ಆಗದೆ 2, 8, 8, 1 ಏಕಾಯಿತು ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾರೆ. ಪೂರ್ಣ ವಿವರಣೆ ಆ ಹಂತಕ್ಕೆ ಮೀರಿದ್ದು. ಆದರೂ ಪ್ರಾಮಾಣಿಕ ಉತ್ತರವೊಂದಿದೆ: ಪೊಟ್ಯಾಸಿಯಂ ಸೋಡಿಯಂನಂತೆ ವರ್ತಿಸುತ್ತದೆಂಬುದು ಮೊದಲೇ ಗೊತ್ತಿತ್ತು. ನೀಲ್ಸ್ ಬೋರ್ ಕೂಡ ಎಲೆಕ್ಟ್ರಾನುಗಳನ್ನು ಹಂಚುವಾಗ ಧಾತುಗಳ ರಾಸಾಯನಿಕ ಗುಣಗಳನ್ನೇ ಆಧಾರವಾಗಿ ಹಿಡಿದಿದ್ದ. ವಿನ್ಯಾಸವು ಆವರ್ತತೆಗೆ ಕಾರಣ ಹೇಳುತ್ತದೆ ನಿಜ. ಆದರೆ ವಿನ್ಯಾಸವನ್ನು ತಿಳಿಯಲು ನೆರವಾದದ್ದು ಆವರ್ತತೆ.

7. ತರಗತಿ ಮತ್ತು ಪರೀಕ್ಷೆ

ಚೀಟಿಗಳಷ್ಟೇ ಸಾಲವು, ಗುಣಗಳನ್ನು ಕಣ್ಣಾರೆ ಕಾಣಬೇಕು. ಕ್ಷಾರ ಲೋಹಗಳ ಪ್ರಯೋಗ ಅಪಾಯಕರ. ಅದಕ್ಕೆ ವಿಡಿಯೊ ಸಾಕು. ಮೂರನೇ ಆವರ್ತದ ಎರಡು ತುದಿಗಳನ್ನು ಮಾತ್ರ ಶಿಕ್ಷಕರೇ ಮಾಡಿ ತೋರಿಸಬಹುದು. ಮೆಗ್ನೀಸಿಯಂ ಪಟ್ಟಿ ಉರಿಸಿದ ಬೂದಿಯನ್ನು ನೀರಿಗೆ ಕಲಸಿದರೆ ದಾಸವಾಳದ ರಸ ಹಸಿರಿಗೆ ತಿರುಗುತ್ತದೆ. ಗಂಧಕದ ಹೊಗೆಯನ್ನು ನೀರಿನಲ್ಲಿ ಕರಗಿಸಿದರೆ ಅದೇ ರಸ ಕಡುಗುಲಾಬಿಯಾಗುತ್ತದೆ. ಎಡದಿಂದ ಬಲಕ್ಕೆ ಆಕ್ಸೈಡುಗಳು ಪ್ರತ್ಯಾಮ್ಲದಿಂದ ಆಮ್ಲದ ಕಡೆಗೆ ಸರಿಯುತ್ತವೆ ಎಂಬ ವಾಕ್ಯಕ್ಕೆ ಆಗ ಬಣ್ಣ ಬರುತ್ತದೆ.

ಈ ಕ್ರಮಕ್ಕೆ ಆಕ್ಷೇಪಗಳಿವೆ. ಸಂಕ್ರಮಣ ಧಾತುಗಳು ಹದಿನಾರರ ಲಯಕ್ಕೆ ಒಗ್ಗುವುದಿಲ್ಲ. ಹೈಡ್ರೋಜನ್ನಿನ ಸ್ಥಾನ ಬಗೆಹರಿಯುವುದಿಲ್ಲ. ರೂಢಿಯ ಪಾಠಕ್ಕಿಂತ ಸಮಯವೂ ಹೆಚ್ಚು ಬೇಕು. ಮೊದಲ ಎರಡನ್ನು ಮುಂದಿನ ತರಗತಿಗೆ ತೆರೆದ ಪ್ರಶ್ನೆಗಳಾಗಿಯೇ ಬಿಡಬಹುದು. ಸಮಯದ ಮಾತಿಗೆ ಪರಿಹಾರ ಪರೀಕ್ಷೆಯಲ್ಲಿದೆ. ವಿಜ್ಞಾನಿವಾರು ಮಿತಿಗಳ ಪಟ್ಟಿಯನ್ನು ಕೇಳುವವರೆಗೆ ಶಿಕ್ಷಕರು ಅದನ್ನೇ ಬಾಯಿಪಾಠ ಮಾಡಿಸುತ್ತಾರೆ, ಅದು ಅವರ ತಪ್ಪಲ್ಲ. ಬದಲಿಗೆ ಹೆಸರಿಲ್ಲದ ಆರು ಧಾತುಗಳ ರಾಶಿ ಮತ್ತು ವೇಲೆನ್ಸಿ ಕೊಟ್ಟು, ಖಾಲಿ ಮನೆ ಎಲ್ಲಿದೆ, ಅಲ್ಲಿ ಬರುವ ಧಾತುವಿನ ಕ್ಲೋರೈಡಿನ ಸೂತ್ರವೇನು, ಹಾಗೆನ್ನಲು ಆಧಾರವೇನು ಎಂದು ಮೂರು ಅಂಕಕ್ಕೆ ಕೇಳಲಿ. ಉತ್ತರ ಅಷ್ಟೇ ಬರೆದರೆ ಒಂದು ಅಂಕ, ಆಧಾರಕ್ಕೆ ಎರಡು. ಅಧ್ಯಾಯವನ್ನು ಪಠ್ಯದಲ್ಲಿ ಉಳಿಸಿಕೊಳ್ಳಬೇಕೆಂಬ ವಾದಕ್ಕೆ ಬಲ ಬರುವುದು ಅದರಿಂದ ಇಂಥ ಪ್ರಶ್ನೆ ಹುಟ್ಟಿದಾಗ ಮಾತ್ರ.